ಕಾಯುವ ಕಣ್ಣು, ಕಲಿಸುವ ದನಿ



ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಲಿಪೂಜೆ ಮುಗಿಸಿ ಹೊರಬಂದಾಗ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಹಗಲೆಲ್ಲ ತೊಗರಿ ಹೊಲದಲ್ಲಿ ದುಡಿಯುವವರು, ಅಕ್ಷರ ಬಲ್ಲವರಲ್ಲ. ಮಗ ಹತ್ತನೆಯ ತರಗತಿಯಲ್ಲಿದ್ದಾನೆ. “ರಾತ್ರಿಯೆಲ್ಲಾ ಫೋನ್ ಹಿಡ್ಕೊಂಡು ಕುಂತಿರ್ತಾನ್ರಿ ಫಾದರ್. ಓದ್ಲಾಕತ್ತಾನೋ, ಆಡ್ಲಾಕತ್ತಾನೋ, ನನಗ ಹ್ಯಾಂಗ ತಿಳೀಬೇಕ್ರಿ?” ಎಂದು ಕೇಳಿದರು. ಆಗ ತಕ್ಕ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಮನೆಗೆ ಮರಳಿ, ಈ ವಿಷಯವಾಗಿ ಧರ್ಮಸಭೆ ಹೇಳಿರುವುದನ್ನು ಆ ತಾಯಿಯ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಮತ್ತೊಮ್ಮೆ ಓದಿದೆ. ಆ ಓದಿನ ಫಲವೇ ಈ ಬರಹ.

ನಾನು ಓದಿದ್ದು 2025ರ ಜನವರಿ 28ರಂದು ವ್ಯಾಟಿಕನ್ನಿನ ಎರಡು ಪೀಠಗಳು ಕೂಡಿ ಪ್ರಕಟಿಸಿದ ‘ಆಂಟಿಕ್ವಾ ಎತ್ ನೋವಾ’ ಎಂಬ ಪತ್ರವನ್ನು. ಕೃತಕ ಬುದ್ಧಿಮತ್ತೆಯನ್ನು ಕುರಿತ ಈ ಪತ್ರಕ್ಕೆ ಜಗದ್ಗುರು ಫ್ರಾನ್ಸಿಸ್‌ರವರ ಒಪ್ಪಿಗೆಯ ಮುದ್ರೆ ಇದೆ. ಲತೀನ್ ಹೆಸರಿನ ಅರ್ಥ ‘ಹಳೆಯದು ಮತ್ತು ಹೊಸದು’. ತನ್ನ ಭಂಡಾರದಿಂದ ಹಳತನ್ನೂ ಹೊಸತನ್ನೂ ಹೊರತೆಗೆಯುವ ಮನೆಯೊಡೆಯನ ಮಾತು ಸಂತ ಮತ್ತಾಯನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿದೆಯಲ್ಲವೇ? ಅದರ ನೆನಪು ಈ ಹೆಸರಿನಲ್ಲಿದೆ.

117 ಪರಿಚ್ಛೇದಗಳ ಈ ಪತ್ರದಲ್ಲಿ ಶಿಕ್ಷಣಕ್ಕೆ ಮೀಸಲಾದುದು ಕೆಲವೇ ಪುಟಗಳು. ಆದರೆ ಅವು ತೂಕದ ಪುಟಗಳು. ಶಿಕ್ಷಣವೆಂದರೆ ಮಾಹಿತಿಯ ರವಾನೆಯಲ್ಲ, ಇಡೀ ವ್ಯಕ್ತಿಯನ್ನು ರೂಪಿಸುವ ಕಾರ್ಯ. ಆದ್ದರಿಂದ ಗುರುವಿನ ಪ್ರತ್ಯಕ್ಷ ಸಾನ್ನಿಧ್ಯಕ್ಕೆ ಬದಲಿಯಿಲ್ಲ ಎನ್ನುತ್ತದೆ ಪತ್ರ. ಹಾಗೆಂದು ಯಂತ್ರವನ್ನು ಅದು ಶಪಿಸುವುದಿಲ್ಲ. ಗುರುಶಿಷ್ಯರ ಸಂಬಂಧದ ಒಳಗೆ ವಿವೇಕದಿಂದ ಬಳಸಿದರೆ ಹೊಸ ಸಾಧನ ಮಗುವಿಗೆ ನೆರವಾದೀತು; ಮಗುವಿನ ಬದಲು ತಾನೇ ಯೋಚಿಸಲು ಹೊರಟರೆ ಮಗುವಿನ ಶಕ್ತಿಯನ್ನೇ ಕುಂದಿಸೀತು ಎಂದು ಎಚ್ಚರಿಸುತ್ತದೆ. ಇದು ಸಮತೋಲನದ ಮಾತು. ಭಯವನ್ನೂ ಬಿತ್ತುವುದಿಲ್ಲ, ಮರುಳನ್ನೂ ಹುಟ್ಟಿಸುವುದಿಲ್ಲ.

ಆದರೂ ಗೌರವದಿಂದಲೇ ಒಂದು ಕೊರತೆಯನ್ನು ಹೇಳಬೇಕಾಗಿದೆ. ಗುರುಶಿಷ್ಯರ ಸಂಬಂಧ ಆಗಲೇ ಗಟ್ಟಿಯಾಗಿ ಇದೆ ಎಂಬ ನಂಬಿಕೆಯಿಂದ ಈ ಪುಟಗಳು ಹೊರಡುತ್ತವೆ. ಆ ಸಂಬಂಧವೇ ಸಡಿಲವಾಗಿರುವ ಕಡೆ, ರಾತ್ರಿ ಮಗುವಿನ ಜೊತೆ ಫೋನು ಬಿಟ್ಟರೆ ಮತ್ತಾರೂ ಇಲ್ಲದ ಮನೆಯಲ್ಲಿ ಏನು ಮಾಡಬೇಕು? ಗ್ರಾಮೀಣ ಭಾರತದ ಶಾಲಾಮಕ್ಕಳನ್ನು ಕುರಿತ 2024ರ ‘ಅಸರ್’ ವರದಿಯ ಪ್ರಕಾರ, 14ರಿಂದ 16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 82 ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲರು. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಕಲಿಕೆಗಾಗಿ ಫೋನು ಬಳಸಿದವರು ಶೇಕಡ 57. ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇಕಡ 76. ಆ ತಾಯಿಯ ಅನುಮಾನ ಹುಸಿಯಲ್ಲ.

ಈಗ ನಮ್ಮ ರಾಜ್ಯದ ಅನುಭವವನ್ನೇ ನೋಡಿ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ನಕಲು ತಡೆಯಲೆಂದು ಕೊಠಡಿಗಳಿಗೆ ಕ್ಯಾಮರಾ ಬಂತು, ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇಕಡ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದ ಮೇಲೆ! 2025ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡ 91.12 ಪಡೆದು ಮೊದಲಾದರೆ, ನಮ್ಮ ಕಲಬುರಗಿ 42.43ರೊಂದಿಗೆ ರಾಜ್ಯದಲ್ಲೇ ಕೊನೆಯಾಯಿತು. ಕ್ಯಾಮರಾ ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಪ್ರಾಮಾಣಿಕವಾಗಿ ಓದಿದ ಮಗುವಿಗೆ ಅದು ನ್ಯಾಯ ಒದಗಿಸಿತು. ಬಹುಕಾಲ ಮುಚ್ಚಿಟ್ಟ ಸತ್ಯವನ್ನು ಬಯಲಿಗೆ ತಂದಿತು. ಆದರೆ ಗಾಯವನ್ನು ತೋರಿಸುವುದು ಬೇರೆ, ಮದ್ದು ಹಚ್ಚುವುದು ಬೇರೆ. ಮಗು ನಕಲು ಮಾಡದಂತೆ ಕಾಯಬಲ್ಲ ಕಣ್ಣಿಗೆ, ಆ ಮಗುವಿಗೆ ಲೆಕ್ಕ ಏಕೆ ಬರಲಿಲ್ಲವೆಂದು ಕೇಳುವ ಬಾಯಿಲ್ಲ.

ಹಾಗಾದರೆ ಮದ್ದಾಗುವ ತಂತ್ರಜ್ಞಾನವೇ ಇಲ್ಲವೇ? ಇದೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರವಾರ ಗಣಿತದ ಲೆಕ್ಕಗಳನ್ನು ಎಸ್‌ಎಂಎಸ್ ಮೂಲಕ ಕಳುಹಿಸಲಾಯಿತು. ಇನ್ನು ಕೆಲವು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ ಕರೆ ಮಾಡಿ, ಮಗು ಮತ್ತು ಪೋಷಕರೊಡನೆ ಮಾತನಾಡಲಾಯಿತು. ಬರಿಯ ಎಸ್‌ಎಂಎಸ್‌ನಿಂದ ಗಣನೀಯ ಪ್ರಯೋಜನ ಕಾಣಲಿಲ್ಲ. ಮನುಷ್ಯನ ದನಿ ಕೇಳಿದ ಮನೆಗಳಲ್ಲಿ ಮಕ್ಕಳ ಕಲಿಕೆ ಸುಧಾರಿಸಿತು. ಕರ್ನಾಟಕದ ಸರ್ಕಾರಿ ಶಾಲೆಗಳ ‘ಗಣಿತ ಗಣಕ’ ಕಾರ್ಯಕ್ರಮವೂ ಇದೇ ದಾರಿಯದು: ಶಾಲೆಯ ವೇಳೆಯ ನಂತರ ಶಿಕ್ಷಕರು ಮಗುವಿನ ಮನೆಗೆ ಫೋನು ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ಇಲ್ಲಿ ದುಬಾರಿ ಉಪಕರಣವೇನೂ ಇಲ್ಲ. ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಕರೆಯುತ್ತಾರೆ, ಅಷ್ಟೇ. ವ್ಯಾಟಿಕನ್ನಿನ ಪತ್ರ ತತ್ವವಾಗಿ ಹೇಳಿದ್ದು ಇಲ್ಲಿ ಅನುಭವವಾಗಿ ಕಾಣುತ್ತದೆ. ಅಷ್ಟೇ ಅಲ್ಲ, ಸಡಿಲವಾದ ಸಂಬಂಧವನ್ನು ಬಿಗಿಗೊಳಿಸಲೂ ಯಂತ್ರವನ್ನು ಬಳಸಬಹುದೆಂಬ, ಪತ್ರ ಬಿಡಿಸಿ ಹೇಳದ ಮಾತೂ ಕಾಣುತ್ತದೆ.

ನಡತೆಯ ವಿಷಯಕ್ಕೂ ಇದೇ ಅಳತೆಗೋಲು. ನಮ್ಮ ಕಡೆಯ ಒಂದು ಶಾಲೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ ಬಾಲಕನ ಭಾವಚಿತ್ರವನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದನ್ನು ನಾನು ಕಂಡೆ. ಉದ್ದೇಶ ತಿದ್ದುವುದೇ ಇದ್ದಿರಬಹುದು. ಆದರೆ ಮನೆಮನೆಯ ಫೋನಿನಲ್ಲಿ ಉಳಿದುಕೊಂಡ ಆ ಚಿತ್ರವನ್ನು ಅಳಿಸುವವರಾರು? ಸಹೋದರನು ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ತಿಳಿಸಿರಿ ಎಂದಲ್ಲವೇ ಪ್ರಭು ಯೇಸು ಬೋಧಿಸಿದ್ದು? ಪತ್ರದ ನನಗೆ ಅತಿ ಪ್ರಿಯವಾದ ಭಾಗ ಇದಕ್ಕೇ ಸಂಬಂಧಿಸಿದೆ. ವ್ಯಕ್ತಿಯನ್ನು ಅವನ ಹಿಂದಿನ ನಡತೆಯ ಅಂಕಿಅಂಶಗಳ ಮೊತ್ತವೆಂದು ಎಣಿಸಬಾರದು. ಕರುಣೆ, ಕ್ಷಮೆ, ಮನುಷ್ಯ ಬದಲಾಗಬಲ್ಲನೆಂಬ ಭರವಸೆ ಇವುಗಳಿಗೆ ಎಡೆಯಿರಲೇಬೇಕು ಎಂಬುದು ಅದರ ಸಾರ. ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತ ನನಗೆ ಇದಕ್ಕಿಂತ ದೊಡ್ಡ ಶಿಕ್ಷಣಶಾಸ್ತ್ರ ತಿಳಿಯದು.

ಚಿತ್ತಾಪುರದ ಸಮೀಪದ ನಾಗಾವಿಯನ್ನು ನೀವು ಬಲ್ಲಿರಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ಹೆಸರಾಂತ ಘಟಿಕಾಸ್ಥಾನವಿತ್ತು. 1058ರ ಶಾಸನವು ಅಲ್ಲಿನ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಹೇಳುವುದರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಕರನ್ನು, ಎಂದರೆ ಗ್ರಂಥಪಾಲಕರನ್ನು, ಹೆಸರಿಸುತ್ತದೆ. ಓಲೆಗರಿಯೇ ಅಂದಿನ ತಂತ್ರಜ್ಞಾನ. ಅದನ್ನು ವಿದ್ಯಾರ್ಥಿಯ ಕೈಗೆ ಸುಮ್ಮನೆ ಕೊಟ್ಟು ಬಿಡಲಿಲ್ಲ. ನಡುವೆ ಮನುಷ್ಯರನ್ನು ನೇಮಿಸಿದರು. ಹಳೆಯ ಭಂಡಾರದಿಂದ ನಾವು ಇಂದು ಹೊರತೆಗೆಯಬೇಕಾದುದು ಇದನ್ನೇ. ನಮ್ಮ ಮಕ್ಕಳ ಕೈಯಲ್ಲಿರುವ ಭಂಡಾರಕ್ಕೆ ಭಂಡಾರಿಕರು ಯಾರು?

ಆ ತಾಯಿಗೆ ಮುಂದಿನ ವಾರ ನಾನು ಹೇಳಿದ್ದು ಇಷ್ಟು: “ಅಮ್ಮಾ, ನಿಮಗ ಓದ್ಲಾಕ ಬರದಿದ್ದರೂ ಕೇಳ್ಲಾಕ ಬರ್ತದಲ್ಲ. ದಿನಾ ರಾತ್ರಿ ಫೋನ್ ಕೆಳಗ ಇಡಿಸಿ, ಇವತ್ತು ಏನು ಕಲಿತಿ, ನನಗ ತಿಳಿಯೋಹಂಗ ಹೇಳು ಅನ್ರಿ.” ನಿಜವಾಗಿ ಕಲಿತವನು ತಾಯಿಗೆ ತಿಳಿಯುವಂತೆ ಹೇಳಬಲ್ಲ, ಕಲಿಯದವನು ತಡವರಿಸುತ್ತಾನೆ. ಅದನ್ನು ಅರಿಯಲು ಅಕ್ಷರ ಬೇಕಿಲ್ಲ.

ಓದುಗರೇ, ನಿಮ್ಮಲ್ಲಿ ಓದುಬರಹ ಬಲ್ಲವರು ಸಂಜೆ ಒಂದು ಗಂಟೆ ಪಕ್ಕದ ಮನೆಯ ಮಗುವಿನ ಜೊತೆ ಕುಳಿತುಕೊಳ್ಳಲಾರಿರಾ? ಬರಲಾಗದ ದಿನ ಒಂದು ಕರೆ ಮಾಡಲಾರಿರಾ? ದೇವಾಲಯದ ಪಕ್ಕದ ಕೋಣೆ ಸಂಜೆ ಖಾಲಿಯೇ ಇರುತ್ತದೆ. ಬೀಗದ ಕೈ ನನ್ನ ಬಳಿ ಇದೆ, ಬಂದು ಕೇಳಿ.