ಹರಿವನ್ನು ಓದಲು ಒಂದು ವಾರ

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬಂದವರಲ್ಲಿ ಒಂದು ಕೊರಗು ಉಳಿದೇ ಇರುತ್ತದೆ. ಕಣ್ಣು ನೀರಿಗೆ ಹೊಂದಿಕೊಳ್ಳುವಷ್ಟರಲ್ಲಿ ಮೇಲೇಳುವ ಹೊತ್ತಾಗಿರುತ್ತದೆ, ದೋಣಿ ದಡದ ಕಡೆ ಮುಖ ಮಾಡಿರುತ್ತದೆ. ಆ ಕೊರಗು ನೀಗಬೇಕಾದರೆ ಲಿವ್‌ಅಬೋರ್ಡ್ ಹತ್ತಬೇಕು. ಊಟ, ನಿದ್ದೆ, ಸ್ನಾನ ಎಲ್ಲವೂ ಹಡಗಿನಲ್ಲೇ. ಎದ್ದರೆ ಸಮುದ್ರ, ಇಳಿದರೆ ಹವಳ.

ಮೊದಲ ಸಲ ಹೊರಡುವವರಿಗೆ ಮಾಲ್ಡೀವ್ಸ್ ಒಳ್ಳೆಯ ಆಯ್ಕೆ. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆ. ಸುಮಾರು 1,200 ಹವಳದ ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿಕೊಂಡಿವೆ. ರೆಸಾರ್ಟಿನಲ್ಲಿ ಉಳಿದುಕೊಂಡರೆ ಅದರ ಸುತ್ತಮುತ್ತಲಿನ ನೀರಷ್ಟೇ ದಕ್ಕುತ್ತದೆ. ಹಡಗಿನಲ್ಲಿದ್ದರೆ ಮೀನು ಇರುವಲ್ಲಿಗೆ ನೀವೇ ಹೋಗಬಹುದು. ಆಸ್ಟ್ರಿಯಾದ ಡೈವರ್ ಹಾನ್ಸ್ ಹಾಸ್ 1957–58ರಲ್ಲಿ ತನ್ನ ಕ್ಸಾರಿಫಾ ಹಡಗಿನೊಂದಿಗೆ ಇಲ್ಲಿಗೆ ಬಂದು ನೀರಿನಡಿಯ ಬದುಕನ್ನು ಅಭ್ಯಾಸ ಮಾಡಿದ. ಪ್ರವಾಸೋದ್ಯಮ ಇಲ್ಲಿ ಕಾಲಿಟ್ಟಿದ್ದು ಅದಾದ ಮೇಲೆ, 1972ರಲ್ಲಿ.

ದಿನಚರಿ ಸರಳ. ಬೆಳಗ್ಗೆ ಆರಕ್ಕೆಲ್ಲ ಬಾಗಿಲು ತಟ್ಟುತ್ತಾರೆ. ಒಂದು ಲೋಟ ಚಹಾ, ಬ್ರೀಫಿಂಗ್, ಡೈವ್. ಆಮೇಲೆ ತಿಂಡಿ. ಮತ್ತೊಂದು ಡೈವ್, ಊಟ, ಸಣ್ಣ ನಿದ್ದೆ, ಮೂರನೆಯ ಡೈವ್. ಕೆಲವು ದಿನ ಕತ್ತಲಾದ ಮೇಲೆ ನಾಲ್ಕನೆಯದೂ ಇರುತ್ತದೆ. ಸಿಲಿಂಡರು, ಕಂಪ್ರೆಸರುಗಳನ್ನು ಧೋನಿ ಎಂಬ ಬೇರೆ ದೋಣಿಯಲ್ಲಿ ಇಟ್ಟಿರುತ್ತಾರೆ. ಅದು ಹಡಗಿನ ಜೊತೆಜೊತೆಗೇ ಸಾಗುತ್ತದೆ. ಮೊದಲ ದಿನ ನಿಮ್ಮ ಸಲಕರಣೆಯನ್ನು ಅಲ್ಲಿ ಒಂದು ಜಾಗದಲ್ಲಿ ಜೋಡಿಸಿದರೆ ವಾರವಿಡೀ ಅದು ಅಲ್ಲೇ ಇರುತ್ತದೆ, ಸಿಲಿಂಡರು ತುಂಬುವ ಕೆಲಸ ಹಡಗಿನ ಹುಡುಗರದ್ದು. ತುಂಬಿದ್ದಾರೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳುವ ಕೆಲಸ ಮಾತ್ರ ನಿಮ್ಮದೇ. ಹವಳದ ನಡುವೆ ಕತ್ತಲಲ್ಲಿ ಸಾಗುವುದು ಅಪಾಯವಾದ್ದರಿಂದ ರಾತ್ರಿ ಹೊತ್ತು ಹಡಗು ಯಾವುದಾದರೂ ಲಗೂನಿನಲ್ಲಿ, ಅಂದರೆ ಹವಳದ ದಂಡೆಯೊಳಗಿನ ಶಾಂತ ನೀರಿನಲ್ಲಿ, ಲಂಗರು ಹಾಕಿ ನಿಲ್ಲುತ್ತದೆ. ಕ್ಯಾಬಿನ್ ಚಿಕ್ಕದು, ಸಿಹಿನೀರನ್ನು ಸಮುದ್ರದ ನೀರಿನಿಂದಲೇ ಮಾಡಿಕೊಳ್ಳಬೇಕು. ಮೃದುವಾದ ಒಂದು ಚೀಲ ಸಾಕು, ಸೂಟ್‌ಕೇಸ್ ಇಡಲು ಜಾಗವಿರುವುದಿಲ್ಲ.

ಬ್ರೀಫಿಂಗ್ ಹೊತ್ತಿನಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಏನು ಕಾಣುತ್ತದೆ? ಅದಕ್ಕಿಂತ ಉಪಯೋಗದ ಪ್ರಶ್ನೆ, ನೀರು ಯಾವ ಕಡೆಗೆ ಹರಿಯುತ್ತಿದೆ ಎಂಬುದು. ಮಾಲ್ಡೀವ್ಸ್‌ನ ರಹಸ್ಯವೆಲ್ಲ ಹರಿವಿನಲ್ಲಿದೆ. ಅಟಾಲ್ ಎಂಬ, ಉಂಗುರದಂತಿರುವ ಹವಳದ ದಂಡೆಯನ್ನು ಸೀಳಿಕೊಂಡು ಸಮುದ್ರದ ನೀರು ಒಳಹೋಗುವ, ಹೊರಬರುವ ಕಾಲುವೆಗಳಿಗೆ ಇಲ್ಲಿಯವರು ಕಂಡು ಎನ್ನುತ್ತಾರೆ. ಒಳಗೆ ನೀರಿನಲ್ಲಿ ಮುಳುಗಿಯೇ ಇರುವ ಗುಡ್ಡಗಳು ತಿಲ. ನೀರ ಮಟ್ಟದ ಹತ್ತಿರಕ್ಕೆ ಎದ್ದಿರುವ ಚಿಕ್ಕವು ಗಿರಿ. ಸಮುದ್ರದ ಸ್ವಚ್ಛ ನೀರು ಒಳನುಗ್ಗುವಾಗ ಕಂಡುವಿನ ಬಾಯಲ್ಲಿ ಗ್ರೇ ರೀಫ್ ಶಾರ್ಕ್‌ಗಳು ಹರಿವಿಗೆ ಮುಖಮಾಡಿ ತೇಲುತ್ತಿರುತ್ತವೆ. ಅದೇ ನೀರು ಲಗೂನಿನಿಂದ ಹೊರಬರುವಾಗ ಪ್ಲಾಂಕ್ಟನ್ ತುಂಬಿ ಹಸಿರಾಗಿರುತ್ತದೆ. ಆಗ ಬರುವುದು ಮಾಂಟಾ, ಅಂದರೆ ತೊರಕೆ ಮೀನಿನ ದೈತ್ಯ ಬಂಧು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಈಶಾನ್ಯದ ಗಾಳಿಯ ಕಾಲ. ಆಗ ಹರಿವು ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕಿರುತ್ತದೆ: ಶಾರ್ಕ್‌ಗಳು ಪೂರ್ವದಂಚಿನಲ್ಲಿ, ಮಾಂಟಾಗಳು ಪಶ್ಚಿಮದಂಚಿನಲ್ಲಿ. ನಮ್ಮ ಮಳೆಗಾಲದಲ್ಲಿ ಇದು ತಿರುಗುಮುರುಗಾಗುತ್ತದೆ. ಇದೊಂದನ್ನು ತಿಳಿದುಕೊಂಡು ಹೊರಟರೆ ಹಡಗಿನ ಕಂಪನಿಯವರು ಕೊಟ್ಟ ಪ್ರಯಾಣದ ಮಾರ್ಗದ ಹಿಂದಿನ ಲೆಕ್ಕವೂ ಅರ್ಥವಾಗುತ್ತದೆ.

ಕಂಡುವಿನಲ್ಲಿ ಇಳಿದಾಗ ಹರಿವಿಗೆದುರಾಗಿ ಈಜಲು ಹೋಗಬೇಡಿ, ಗೆಲ್ಲುವುದು ನೀರೇ. ಅದಕ್ಕೆಂದೇ ರೀಫ್ ಹುಕ್ ಇದೆ: ಹಗ್ಗದ ತುದಿಯ ಕೊಕ್ಕೆಯನ್ನು ಸತ್ತ ಬಂಡೆಗೆ ಸಿಕ್ಕಿಸಿ, ಜಾಕೆಟ್ಟಿಗೆ ಸ್ವಲ್ಪ ಗಾಳಿ ತುಂಬಿಕೊಂಡು, ಅಲ್ಲೇ ನಿಲ್ಲುವುದು. ಜೀವಂತ ಹವಳಕ್ಕೆ ಮಾತ್ರ ಕೊಕ್ಕೆ ತಾಗಬಾರದು. 1998 ಮತ್ತು 2016ರಲ್ಲಿ ನೀರು ಬಿಸಿಯೇರಿ ಇಲ್ಲಿಯ ಹವಳ ಬೆಳ್ಳಗಾಗಿ ದೊಡ್ಡ ಪಾಲು ಸತ್ತಿದೆ. ಉಳಿದದ್ದರ ಮೇಲೆ ನಮ್ಮ ಫಿನ್ನಿನ ಪೆಟ್ಟೂ ಬೀಳುವುದು ಅನ್ಯಾಯ. ನಿಂತ ಮೇಲೆ ಉಸಿರನ್ನು ನಿಧಾನ ಮಾಡಿ. ಮೊದಲ ಐದು ನಿಮಿಷ ಶಾರ್ಕ್ ದೂರದಲ್ಲೇ ಸುಳಿಯುತ್ತದೆ. ಗುಳ್ಳೆಗಳ ಗದ್ದಲ ತಗ್ಗಿ, ನೀವು ಅಲುಗಾಡುವುದು ನಿಂತರೆ ಹತ್ತಿರ ಬರುತ್ತದೆ. ಹೀಗೆ ಶಾರ್ಕ್‌ಗಳು ಇನ್ನೂ ಕಾಣುವುದಕ್ಕೆ ಅವುಗಳ ಬೇಟೆಯನ್ನು ದೇಶ 2010ರಲ್ಲಿ ನಿಷೇಧಿಸಿದ್ದೂ ಒಂದು ಕಾರಣ.

ಮಾಂಟಾ ನೋಡಲು ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಹವಳದ ಕೆಲವು ಬಂಡೆಗಳ ಮೇಲೆ ಕ್ಲೀನರ್ ರ್‍ಯಾಸ್ ಎಂಬ ಬೆರಳುದ್ದದ ಮೀನುಗಳು ನೆಲೆಸಿರುತ್ತವೆ. ದೊಡ್ಡ ಮೀನುಗಳ ಮೈಮೇಲಿನ ಪರೋಪಜೀವಿಗಳೇ ಅವಕ್ಕೆ ಆಹಾರ. ಕ್ಷೌರದಂಗಡಿಯ ಮುಂದೆ ಸರದಿ ಕಾಯುವಂತೆ ಮಾಂಟಾಗಳು ಅಲ್ಲಿ ಸುತ್ತುತ್ತಿರುತ್ತವೆ. ನೀವು ಆ ಬಂಡೆಯ ಮೇಲೆ ಹೋಗಿ ನಿಂತರೆ ಎಲ್ಲವೂ ಮುಗಿಯಿತು. ಪಕ್ಕದಲ್ಲಿ, ತಗ್ಗಿನಲ್ಲಿ, ಕದಲದೆ ಇದ್ದರೆ ತಲೆಯ ಮೇಲೇ ಹಾದುಹೋಗುತ್ತವೆ. ಹೊಟ್ಟೆಯ ಮೇಲಿನ ಕಪ್ಪು ಮಚ್ಚೆಗಳನ್ನು ಗಮನಿಸಿ. ಒಂದೊಂದು ಮಾಂಟಾದ್ದು ಒಂದೊಂದು ವಿನ್ಯಾಸ, ಸಂಶೋಧಕರು ಅವನ್ನು ಗುರುತಿಸುವುದು ಅದರಿಂದಲೇ. ಕ್ಯಾಮೆರಾವನ್ನು ಮೊದಲೆರಡು ದಿನ ಕ್ಯಾಬಿನ್‌ನಲ್ಲೇ ಬಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ಪರದೆ ನೋಡುವ ಕಣ್ಣಿಗೆ ಹರಿವು ಕಾಣುವುದಿಲ್ಲ.

ರಾತ್ರಿ ಡೈವ್ ಬೇಡ ಎನ್ನಬೇಡಿ. ಅರಿ ಅಟಾಲ್‌ನ ಮಾಯಾ ತಿಲದಲ್ಲಿ ಹಗಲು ಮಲಗಿರುವ ವೈಟ್‌ಟಿಪ್ ಶಾರ್ಕ್‌ಗಳು ಕತ್ತಲಾದ ಮೇಲೆ ಬೇಟೆಗಿಳಿಯುತ್ತವೆ. ಒಂದೇ ಗುಡ್ಡವನ್ನು ಹಗಲೂ ರಾತ್ರಿಯೂ ನೋಡಿದಾಗಲೇ ಅದರ ಪರಿಚಯವಾಗುವುದು.

ಇನ್ನು ದೇಹದ ಮಾತು. ದಿನಕ್ಕೆ ಮೂರು ಸಲ ಇಳಿದರೆ ಸಾರಜನಕ ಮೈಯಲ್ಲಿ ಸೇರುತ್ತಾ ಹೋಗುತ್ತದೆ, ಮುಂದಿನ ಡೈವ್‌ವರೆಗಿನ ಬಿಡುವಿನಲ್ಲಿ ಪೂರ್ತಿ ಹೊರಹೋಗುವುದಿಲ್ಲ. ಆದ್ದರಿಂದಲೇ ಹಲವರು ಸಾರಜನಕ ಕಡಿಮೆಯಿದ್ದು ಶೇ. 32ರಷ್ಟು ಆಮ್ಲಜನಕವಿರುವ ನೈಟ್ರಾಕ್ಸ್ ಎಂಬ ಗಾಳಿಯನ್ನು ಬಳಸುತ್ತಾರೆ. ಅದರ ಚಿಕ್ಕ ಕೋರ್ಸನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಿ. ಇಲ್ಲಿಯ ನಿಯಮದ ಪ್ರಕಾರ 30 ಮೀಟರಿಗಿಂತ ಆಳಕ್ಕೆ ಹೋಗುವಂತಿಲ್ಲ. ಮೇಲೇಳುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದನ್ನು ಯಾವತ್ತೂ ತಪ್ಪಿಸಬೇಡಿ. ದೋಣಿಗೆ ನಿಮ್ಮನ್ನು ತೋರಿಸುವ ಗಾಳಿ ತುಂಬಿದ ಮಾರ್ಕರ್ ನಿಮ್ಮ ಬಳಿಯೇ ಇರಲಿ, ಹರಿವು ನಿಮ್ಮನ್ನು ಎಲ್ಲಿಗೋ ಒಯ್ದಿರುತ್ತದೆ. ನಾಲ್ಕನೆಯ ದಿನಕ್ಕೆ ಕಿವಿ ದಣಿಯುತ್ತದೆ, ಮೈಯೂ. ಒಂದು ಡೈವ್ ಬಿಟ್ಟು ಮೇಲಿನ ಡೆಕ್ಕಿನಲ್ಲಿ ಮಲಗಿದರೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ಹಡಗು ಆರಿಸುವಾಗ ಊಟದ ಪಟ್ಟಿಗಿಂತ ಮೊದಲು ರಾತ್ರಿ ಕಾವಲಿನ ಬಗ್ಗೆ ಕೇಳಿ. 2019ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಬಳಿ ಕನ್ಸೆಪ್ಷನ್ ಎಂಬ ಡೈವ್ ಹಡಗಿಗೆ ನಡುರಾತ್ರಿ ಬೆಂಕಿ ಬಿದ್ದು, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿ ಸತ್ತರು. ಆ ರಾತ್ರಿ ಗಸ್ತು ತಿರುಗುವವರು ಯಾರೂ ಇರಲಿಲ್ಲವೆಂದು ತನಿಖೆ ಹೇಳಿತು. ಹತ್ತಿದ ದಿನವೇ ಕ್ಯಾಬಿನ್‌ನಿಂದ ಹೊರಬರುವ ಎರಡೂ ದಾರಿಗಳಲ್ಲಿ ನಡೆದು ನೋಡಿ. ಮಲಗುವಾಗ ಬ್ಯಾಟರಿ ಚಾರ್ಜಿಗಿಟ್ಟಿರಬೇಡಿ.

ಹರಿವು ಜೋರಾಗಿರುವ ಮಾರ್ಗಗಳಿಗೆ ಕೆಲವು ಹಡಗಿನವರು 50 ಡೈವ್‌ಗಳ ಅನುಭವ ಕೇಳುತ್ತಾರೆ. ಅದು ನ್ಯಾಯವೇ. ಅಗ್ಗವೆಂದು ಮೂರು ರಾತ್ರಿಯ ಪ್ರವಾಸಕ್ಕೆ ಮಾರುಹೋಗಬೇಡಿ. ಮೊದಲ ಮೂರು ದಿನ ಮೈ ಪಳಗುವುದಕ್ಕೇ ಹೋಗುತ್ತವೆ, ನೋಟ ಪಳಗುವುದು ಆಮೇಲೆ. ಏಳು ರಾತ್ರಿಯದ್ದಕ್ಕೆ ದುಡ್ಡು ಕೂಡಿಡಿ, ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಇರುವಂತೆ ಟಿಕೆಟ್ ಕಾಯ್ದಿರಿಸಿ.