ಶಾಲೆಯ ಅಂಕ, ಪರೀಕ್ಷೆಯ ಅಂಕ

ಎಸ್.ಎಸ್.ಎಲ್.ಸಿ.ಯಲ್ಲಿ, ಪ್ರಥಮ ಭಾಷೆಯನ್ನುಳಿದು, ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳನ್ನು ಗೊತ್ತುಪಡಿಸಲಾಯಿತು. ಈ ಇಪ್ಪತ್ತರಲ್ಲಿ ಶಾಲೆಯ ಕೈ ಧಾರಾಳವೆಂಬುದನ್ನು ಉಪಾಧ್ಯಾಯರಾದ ನಾವೇ ಬಲ್ಲೆವು. ಆದುದರಿಂದ ಅವನ್ನು ಪರೀಕ್ಷೆಯ ಸರಾಸರಿಗೆ ತಗ್ಗಿಸಬೇಕೆಂಬ ವಾದವು ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಶಿರಸಿ ಶೈಕ್ಷಣಿಕ ಜಿಲ್ಲೆಯ ಸಿದ್ದಾಪುರ, ಯಲ್ಲಾಪುರಗಳ ಕಾಡುಹಳ್ಳಿಯೊಂದರಲ್ಲಿ ತರಗತಿಯೇ ಹದಿನೈದು ಮಂದಿಯದೆಂದು ಭಾವಿಸೋಣ: ಇಬ್ಬರು ಜ್ವರದಲ್ಲಿ ಪರೀಕ್ಷೆ ಬರೆದರೆ ಸರಾಸರಿ ಕುಸಿದು, ಉಳಿದ ಹದಿಮೂವರಿಗೂ ದಂಡ! 2020ರಲ್ಲಿ ಇಂಗ್ಲೆಂಡು ಶಾಲೆಗಳ ಹಿಂದಿನ ಫಲಿತಾಂಶವನ್ನಾಧರಿಸಿದ ಸೂತ್ರದಿಂದ ಉಪಾಧ್ಯಾಯರ ಅಂದಾಜುಗಳಲ್ಲಿ ನೂರಕ್ಕೆ ಸುಮಾರು 40ನ್ನು ತಗ್ಗಿಸಿ, ಆಗಸ್ಟ್ 17ರಂದು ಆ ಸೂತ್ರವನ್ನೇ ಕೈಬಿಟ್ಟಿತು. ಒಂದು ಸಾಕ್ಷ್ಯವನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸುವ ಇತಿಹಾಸಕಾರನನ್ನು ನಾವು ನಂಬೆವು. ಅಂತರ ಮಿತಿಮೀರಿದ ಶಾಲೆಗೆ ನೆರೆಯ ತಾಲೂಕಿನ ಉಪಾಧ್ಯಾಯರು ಹೋಗಿ, ಒಬ್ಬೊಬ್ಬ ವಿದ್ಯಾರ್ಥಿಯ ಬರವಣಿಗೆಯನ್ನೂ ತೆರೆದು ನೋಡಲಿ.