ಲೈಬ್ಲ್‌ನ ಕತ್ತರಿ

ಬವೇರಿಯಾದ ಬೆರ್ಬ್ಲಿಂಗ್ ಎಂಬ ಹಳ್ಳಿಯ ಚರ್ಚಿನಲ್ಲಿ ಮೂವರು ರೈತ ಹೆಂಗಸರನ್ನು ಬೆಂಚಿನ ಮೇಲೆ ಕೂರಿಸಿ ವಿಲ್‌ಹೆಲ್ಮ್ ಲೈಬ್ಲ್ 1878ರಲ್ಲಿ ಶುರು ಮಾಡಿದ ಚಿತ್ರ ಮುಗಿದದ್ದು 1882ರ ಹೊತ್ತಿಗೆ. ಮರದ ಹಲಗೆಯ ಮೇಲಿನ ಈ ಚಿತ್ರದ ಎತ್ತರ ಬರೀ 113 ಸೆಂಟಿಮೀಟರ್. ಇಷ್ಟಕ್ಕೆ ಅಷ್ಟು ವರ್ಷವೇ ಅಂತ ಹ್ಯಾಂಬರ್ಗಿನ ಕುನ್ಸ್ಟ್‌ಹಾಲೆ ಮ್ಯೂಸಿಯಮ್ಮಿನಲ್ಲಿ ಅದರ ಹತ್ತಿರ ಹೋಗಿ ನಿಂತವರು ಕೇಳಲಾರರು. ಎಳೆಯಳ ಚೌಕುಳಿ ಬಟ್ಟೆಯ ಒಂದೊಂದು ಮನೆ, ಮುದುಕಿಯ ಬೆರಳ ಗೆಣ್ಣು, ಬೆಂಚಿನ ಕೆತ್ತನೆ, ಎಲ್ಲಕ್ಕೂ ಒಂದೇ ಶ್ರದ್ಧೆ. ಮುಖಕ್ಕೊಂದು ಮರ್ಯಾದೆ, ದಾರಕ್ಕೊಂದು ಎಂಬ ಭೇದ ಈತನಿಗಿಲ್ಲ.

ಲೈಬ್ಲ್ ಕಲೋನಿನವನು, ಹುಟ್ಟಿದ್ದು 1844ರಲ್ಲಿ. ಕಲಿತದ್ದು ಮ್ಯೂನಿಕ್ ಅಕಾಡೆಮಿಯಲ್ಲಿ, ಇತಿಹಾಸದ ದೊಡ್ಡ ದೊಡ್ಡ ನಾಟಕಗಳನ್ನು ಕ್ಯಾನ್ವಾಸಿಗೇರಿಸುತ್ತಿದ್ದ ಪಿಲೋಟಿಯ ಬಳಿ. ಆ ಗದ್ದಲ ಇವನಿಗೆ ಹಿಡಿಸಲಿಲ್ಲ. 1869ರ ಮ್ಯೂನಿಕ್ ಪ್ರದರ್ಶನಕ್ಕೆ ಬಂದಿದ್ದ ಫ್ರೆಂಚ್ ಚಿತ್ರಕಾರ ಕೂರ್ಬೆ ಇವನ ಕೆಲಸ ಮೆಚ್ಚಿಕೊಂಡ; ಲೈಬ್ಲ್ ಪ್ಯಾರಿಸಿಗೆ ಹೋದ. ಮರುವರ್ಷ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಬಂತು, ವಾಪಸಾದ. ಆಮೇಲೆ ನಗರವನ್ನೇ ಬಿಟ್ಟು ಹಳ್ಳಿಗಳಲ್ಲಿ ನೆಲೆಸಿದ.

ಚರ್ಚಿನ ಚಿತ್ರಕ್ಕೆ ಅವನು ಮೊದಲು ಗೆರೆ ಎಳೆದುಕೊಳ್ಳಲಿಲ್ಲ. ನೇಯ್ಗೆಯವರ ಹಾಗೆ ಅಂಗುಲ ಅಂಗುಲವಾಗಿ ಮುಗಿಸುತ್ತ, ಒಂದು ತುಣುಕು ಪೂರ್ತಿಯಾದ ಮೇಲೆ ಪಕ್ಕದ್ದಕ್ಕೆ ಸರಿದ. ಹೀಗೆ ಮಾಡಿದರೆ ಅಳತೆ ಕೈತಪ್ಪದೆ ಇರುತ್ತದೆಯೇ? ಎಳೆಯ ಹೆಂಗಸಿನ ಕೈಗಳು ಅವಳಿಗೆ ದೊಡ್ಡವೇ. ನನಗಂತೂ ಈ ತಪ್ಪು ಪ್ರಿಯ. ಕಣ್ಣು ಒಂದೇ ಜಾಗದಲ್ಲಿ ಅಷ್ಟು ಹೊತ್ತು ನಿಂತರೆ ಆ ಜಾಗ ಬೆಳೆಯದೆ ಇನ್ನೇನು ಮಾಡೀತು!

ಆದರೆ ಲೈಬ್ಲ್‌ಗೆ ಇಂಥ ಸಮಾಧಾನ ಇರಲಿಲ್ಲ. 1882ರಿಂದ ನಾಲ್ಕು ವರ್ಷ ಬಿಡಿಸಿದ ‘ಕಳ್ಳಬೇಟೆಗಾರರು’ ಚಿತ್ರದಲ್ಲಿ ಅಳತೆಗಳು ಕೂಡಿಬರಲಿಲ್ಲ. ಕೊನೆಗೆ ತನ್ನ ಕೈಯಿಂದಲೇ ಅದನ್ನು ಕತ್ತರಿಸಿದ. ಒಬ್ಬ ಹುಡುಗಿಯ ಚಿತ್ರಕ್ಕೂ ಅದೇ ಗತಿಯಾಯಿತು: ಉಳಿದ ಒಂದು ತುಂಡಿನಲ್ಲಿ ತಲೆಯಿಲ್ಲ, ಇರುವುದು ಕುಪ್ಪಸ ಮಾತ್ರ. ಅಚ್ಚರಿಯೆಂದರೆ ಈ ತುಂಡುಗಳು ಭಗ್ನವೆನಿಸುವುದಿಲ್ಲ, ಮ್ಯೂಸಿಯಮ್ಮಿನ ಗೋಡೆಯ ಮೇಲೆ ಸ್ವತಂತ್ರವಾಗಿ ನಿಲ್ಲುತ್ತವೆ. ಪ್ರತಿ ತುಣುಕನ್ನೂ ಪೂರ್ಣಚಿತ್ರವೆಂಬಂತೆ ಬರೆದವನಲ್ಲವೇ.

ಕಡೆಗಾಲದ ಅಡುಗೆಮನೆಯ ಚಿತ್ರಗಳಲ್ಲಿ ಕುಂಚ ಸಡಿಲವಾಯಿತು, ಬಣ್ಣ ತೆಳುವಾಯಿತು, ಬೆಳಕು ಅಂಚುಗಳನ್ನು ಕರಗಿಸತೊಡಗಿತು. 1900ರಲ್ಲಿ ವುರ್ಟ್ಸ್‌ಬುರ್ಗಿನಲ್ಲಿ ತೀರಿಕೊಂಡ. ಅವನು ಪಳಗಿದ್ದು ಈ ಕೊನೆಯ ಚಿತ್ರಗಳಲ್ಲೇ ಎನ್ನುವವರಿದ್ದಾರೆ. ಇರಬಹುದು; ನನ್ನ ಓಟು ಆ ದೊಡ್ಡ ಕೈಗಳಿಗೇ.